ಅತ್ತೆಯವರು ದಿನಾ "ನನ್ನ ಬಳೆ ಕದ್ದೆ" ಅಂತಾರೆ. ನಿಮ್ಮ ಮನೆಯಲ್ಲೂ ಹೀಗೆ ಆಗಿದೆಯಾ?

ಹಾಸನದ ಸೊಸೆ

ಎಲ್ಲರಿಗೂ ನಮಸ್ಕಾರ. ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅತ್ತೆಗೆ ಈಗ 76. ಎರಡು ವರ್ಷದ ಹಿಂದೆ ಅಲ್ಝೈಮರ್ಸ್, ಅಂದರೆ ಮರೆವಿನ ಕಾಯಿಲೆ, ಅಂತ ಗೊತ್ತಾಯಿತು. ಅದಕ್ಕೆ ಡೊನೆಪೆಜಿಲ್ ಮಾತ್ರೆ ನಡೆಯುತ್ತಿದೆ. ಊಟ ಮಾಡಿದ್ದು ಮರೆಯುತ್ತಾರೆ. ಮೊಮ್ಮಗಳನ್ನು ನಾದಿನಿಯ ಹೆಸರಿನಿಂದ ಕರೆಯುತ್ತಾರೆ. ಅದಕ್ಕೆಲ್ಲ ನಾವು ಒಗ್ಗಿಕೊಂಡಿದ್ದೇವೆ. ನನ್ನಿಂದ ತಡೆಯಲಾಗದೆ ಇರುವುದು ಬಳೆಯ ವಿಷಯ.

ಅವರದು ನಾಲ್ಕು ಚಿನ್ನದ ಬಳೆ. ಬಿಚ್ಚಿ ಎಲ್ಲಾದರೂ ಮುಚ್ಚಿಡುತ್ತಾರೆ. ಒಂದು ಸಲ ರಾಗಿಹಿಟ್ಟಿನ ಡಬ್ಬದಲ್ಲಿ ಸಿಕ್ಕಿತು. ಇನ್ನೊಂದು ಸಲ ದಿಂಬಿನ ಕವರಿನೊಳಗೆ. ಇಟ್ಟಿದ್ದು ಅವರಿಗೆ ನೆನಪಿರುವುದಿಲ್ಲ. ಆಮೇಲೆ ನಾನು ಕದ್ದೆ ಅಂತಾರೆ. ನಮ್ಮವರು ಎಂಟು ಗಂಟೆಗೆ ಕೆಲಸಕ್ಕೆ ಹೊರಟರೆ ಮನೆಯಲ್ಲಿ ನಾವಿಬ್ಬರೇ. ಹಾಗಾಗಿ ಕಳ್ಳಿ ನಾನೇ ಆಗಬೇಕು.

ಕಳೆದ ವಾರ ಪಕ್ಕದ ಮನೆಯವರು ಅರಿಶಿನ ಕುಂಕುಮಕ್ಕೆ ಬಂದಿದ್ದರು. ಅವರ ಮುಂದೆಯೇ "ಇವಳು ನನ್ನ ಬಳೇನೆಲ್ಲ ತವರಿಗೆ ಸಾಗಿಸಿಬಿಟ್ಟಳು ಕಣಮ್ಮ" ಅಂದರು. ಭೂಮಿ ಬಾಯಿ ಬಿಡಬಾರದಾ ಅನಿಸಿತು. ಅದೇ ಸಂಜೆ ಬೆಂಗಳೂರಿನಿಂದ ನಾದಿನಿ ಫೋನ್ ಮಾಡಿ "ಅತ್ತಿಗೆ, ಅಮ್ಮನ ಬಳೆ ಎಲ್ಲಿದೆ? ಸುಮ್ನೆ ಕೇಳಿದೆ ಅಷ್ಟೇ" ಅಂದಳು. ಆ "ಸುಮ್ನೆ" ಅನ್ನುವ ಮಾತು ರಾತ್ರಿಯಿಡೀ ಚುಚ್ಚಿತು.

ಮದುವೆಯಾದ ಹೊಸತರಲ್ಲಿ ನನಗೆ ಟೈಫಾಯಿಡ್ ಬಂದಿತ್ತು. ಒಂದು ತಿಂಗಳು ನನ್ನ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದ್ದು ಇದೇ ಅತ್ತೆ. ಕಾಯಿಲೆ ಹೀಗೆ ಮಾತಾಡಿಸುತ್ತಿದೆ ಅಂತ ಗೊತ್ತು. ಗೊತ್ತಿದ್ದರೂ ನೋವಾಗುತ್ತದೆ. ನೀವೆಲ್ಲ ಇದನ್ನು ಹೇಗೆ ನಿಭಾಯಿಸಿದ್ದೀರಿ?

ಧಾರವಾಡದ ಮಗ

ಅಕ್ಕಾವ್ರೆ, ನಮ್ಮಪ್ಪನಿಗೂ ಇದೇ ಕಾಯಿಲೆ ಇತ್ತು. ಅವರಿಗೆ ಬಳೆಯ ಬದಲು ಪೆನ್ಷನ್ ದುಡ್ಡು. ದಿನಕ್ಕೆ ಹತ್ತು ಸಲ ಎಣಿಸೋರು. ಆಮೇಲೆ ಪಂಚೆಯಲ್ಲಿ ಸುತ್ತಿ ಟ್ರಂಕಿನ ಹಿಂದೆ ತುರುಕೋರು. ಅರ್ಧ ಗಂಟೆಗೆ "ನನ್ನ ಮಗನೇ ನನ್ನ ಲೂಟಿ ಮಾಡಿದ" ಅಂತ ಓಣಿಗೆಲ್ಲ ಕೇಳುವ ಹಾಗೆ ಕೂಗೋರು.

ನನಗೆ ತಡವಾಗಿ ತಿಳಿದದ್ದು ಇಷ್ಟು. ಅವರು ಬೇಕಂತ ಸುಳ್ಳು ಹೇಳುತ್ತಿಲ್ಲ. ಹೊಸ ನೆನಪು ಮೊದಲು ಅಳಿಸಿ ಹೋಗುತ್ತದೆ. ತಾನೇ ಬಚ್ಚಿಟ್ಟ ಆ ಐದು ನಿಮಿಷ ಅವರ ತಲೆಯಲ್ಲಿ ಇರುವುದೇ ಇಲ್ಲ. ಬಳೆ ಇತ್ತು, ಈಗ ಇಲ್ಲ, ಮನೆಯಲ್ಲಿ ಇರುವುದು ನೀವು. ಉಳಿದದ್ದನ್ನು ಮಿದುಳು ತಾನೇ ಜೋಡಿಸಿಬಿಡುತ್ತದೆ. ಜಾಸ್ತಿ ನೋಡಿಕೊಳ್ಳುವವರ ಮೇಲೆಯೇ ಈ ಆರೋಪ ಬರುವುದು, ಯಾಕೆಂದರೆ ಹತ್ತಿರ ಇರುವವರು ಅವರೇ.

"ನಾನು ತಗೊಂಡಿಲ್ಲ" ಅಂತ ವಾದ ಮಾಡಬೇಡಿ. ನಾನು ಆರು ತಿಂಗಳು ವಾದ ಮಾಡಿ ಸೋತೆ. "ಅಯ್ಯೋ ಬಳೆ ಕಾಣ್ತಿಲ್ವಾ, ಬನ್ನಿ ಇಬ್ಬರೂ ಹುಡುಕೋಣ" ಅನ್ನಿ. ಬಳೆ ನಿಮಗೆ ಸಿಕ್ಕರೂ ನೀವು ತೆಗೆದು ಕೊಡಬೇಡಿ. ಅವರ ಕೈಗೇ ಸಿಗುವ ಹಾಗೆ ಮಾಡಿ. ನೀವು ಕೊಟ್ಟರೆ "ನೋಡು, ಇವಳ ಹತ್ತಿರಾನೇ ಇತ್ತು" ಅಂತಾರೆ. ಬಚ್ಚಿಡುವ ಜಾಗಗಳು ಸಾಮಾನ್ಯವಾಗಿ ಆರೇಳು ಇರುತ್ತವೆ, ತಿರುಗಿ ಅವೇ ಬರುತ್ತವೆ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕಸದ ಬುಟ್ಟಿ ಖಾಲಿ ಮಾಡುವ ಮೊದಲು ಒಂದು ಸಲ ಕೈಯಾಡಿಸಿ. ನಾವು 2000 ರೂಪಾಯಿ ಹಾಗೇ ಕಳೆದುಕೊಂಡಿದ್ದೇವೆ.

ಚಿನ್ನದ ಬಳೆ ಮನೆಯಲ್ಲಿ ಇಡಲೇಬೇಡಿ. ನೋಡಲು ಅದೇ ತರಹದ ಒಂದು ಗ್ರಾಂ ಚಿನ್ನದ ಬಳೆ ಮಾಡಿಸಿ ಕೈಗೆ ಹಾಕಿ. ಅಸಲಿಯನ್ನು ಮಕ್ಕಳೆಲ್ಲರ ಎದುರು ತೂಕ ಮಾಡಿಸಿ, ಫೋಟೋ ತೆಗೆದು, ಲಾಕರಿಗೆ ಹಾಕಿ. ಆ ಫೋಟೋ ಮನೆಯ ವಾಟ್ಸಾಪ್ ಗುಂಪಿನಲ್ಲಿ ಇರಲಿ. ಇದು ಅತ್ತೆಗಾಗಿ ಅಲ್ಲ. ಮುಂದೆ ಯಾರೂ ನಿಮ್ಮ ಕಡೆ ಬೆರಳು ತೋರಿಸಬಾರದು, ಅದಕ್ಕೆ.

ನಿವೃತ್ತ ನರ್ಸ್, ಮೈಸೂರು

ಮಗಳೇ, ಒಂದು ಮಾತು ಮೊದಲು ಹೇಳು. ಈ ಅನುಮಾನ ನಿಧಾನವಾಗಿ ಬೆಳೆಯಿತಾ, ಇಲ್ಲ ಒಂದೆರಡು ವಾರದಲ್ಲಿ ದಿಢೀರ್ ಅಂತ ಜಾಸ್ತಿ ಆಯಿತಾ?

ದಿಢೀರ್ ಆಗಿದ್ದರೆ ಬರೀ ಮರೆವಿನ ಕಾಯಿಲೆ ಅಂದುಕೊಂಡು ಸುಮ್ಮನಿರಬೇಡ. ವಯಸ್ಸಾದವರಿಗೆ ಮೂತ್ರದ ಸೋಂಕು ಆದರೆ ಕೆಲವು ಸಲ ಜ್ವರ, ಉರಿ ಏನೂ ಕಾಣದೆ ತಲೆ ಮಾತ್ರ ಕೆಟ್ಟ ಹಾಗೆ ಆಡುತ್ತಾರೆ. ನೀರು ಕಡಿಮೆ ಕುಡಿದರೂ, ನಾಲ್ಕು ದಿನ ಹೊಟ್ಟೆ ಕಟ್ಟಿದರೂ ಹಾಗೆಯೇ. ಹೊಸ ಮಾತ್ರೆ ಏನಾದರೂ ಶುರು ಮಾಡಿದ್ದೀರಾ ನೋಡು. ನೆಗಡಿ, ಅಲರ್ಜಿಗೆ ಕೊಡುವ ಕೆಲವು ಮಾತ್ರೆ, ಪದೇ ಪದೇ ಮೂತ್ರ ಬರುವುದಕ್ಕೆ ಕೊಡುವ ಕೆಲವು ಮಾತ್ರೆ ಗೊಂದಲ ಹೆಚ್ಚಿಸುತ್ತವೆ. ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸು.

ಕಿವಿ, ಕಣ್ಣು ಕೂಡ ನೋಡಿಸು. ಸರಿಯಾಗಿ ಕೇಳದೆ ಇರುವವರಿಗೆ ಪಕ್ಕದ ಕೋಣೆಯ ಮಾತೆಲ್ಲ ತನ್ನ ಮೇಲಿನ ಪಿಸುಮಾತು ಅನಿಸುತ್ತದೆ.

ಇನ್ನೊಂದು. ಗಲಾಟೆ ತಡೆಯಲಾಗದೆ ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ಕೊಡುವ ಮನೆಗಳನ್ನು ನಾನು ತುಂಬಾ ನೋಡಿದ್ದೇನೆ. ದಯವಿಟ್ಟು ಬೇಡ. ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ, ಅಲ್ಲಿಂದ ಮೇಲೇಳುವುದು ಕಷ್ಟ. ಭ್ರಮೆ, ಸಿಟ್ಟಿಗೆ ಕೊಡುವ ಮಾನಸಿಕ ಮಾತ್ರೆಗಳಿಂದ ಈ ರೋಗಿಗಳಲ್ಲಿ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಸಾವಿನ ಅಪಾಯವೂ ಹೆಚ್ಚುತ್ತದೆ ಅಂತ 2005ರಲ್ಲೇ ಅಮೆರಿಕದ ಔಷಧ ಇಲಾಖೆ ಎಚ್ಚರಿಕೆ ಕೊಟ್ಟಿದೆ. ಕೊಡಲೇಬೇಕಾದಾಗ ವೈದ್ಯರು ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ ಕೊಡುತ್ತಾರೆ. ಅದು ಅವರ ತೀರ್ಮಾನ ಆಗಿರಲಿ.

ಹಾಸನದ ಸೊಸೆ

ಅಮ್ಮಾ, ಓದಿ ಎದೆ ಧಸಕ್ ಅಂತು. ಹೌದು, ಎರಡು ವಾರದಿಂದ ಜಾಸ್ತಿ. ನೀರು ಕುಡಿಯುವುದೇ ಇಲ್ಲ. ಬಚ್ಚಲಿಗೆ ಹೋಗಬೇಕಾಗುತ್ತದೆ ಅಂತ ಲೋಟ ಪಕ್ಕಕ್ಕಿಡುತ್ತಾರೆ. ನಾಳೆಯೇ ಮೂತ್ರ ಪರೀಕ್ಷೆ ಮಾಡಿಸುತ್ತೇನೆ.

ಅಣ್ಣಾ, ಬಳೆಯ ಉಪಾಯ ನಮ್ಮವರಿಗೆ ಓದಿ ಹೇಳಿದೆ. ಒಪ್ಪಿದ್ದಾರೆ.

ಸ್ನಾನದ ಬಗ್ಗೆಯೂ ಯಾರಾದರೂ ಹೇಳಿ. ಇವತ್ತಿಗೆ ಎಂಟು ದಿನ ಆಯಿತು. ಹತ್ತಿರ ಹೋದರೆ ಹೊಡೆಯಲು ಬರುತ್ತಾರೆ.

ಅನಾಮಿಕ

ವಯಸ್ಸಾದ ಮೇಲೆ ಅರಳು ಮರಳು ಎಲ್ಲರಿಗೂ ಬರುವುದೇ ಅಲ್ವಾ? ನಮ್ಮಜ್ಜಿಗೂ ಇತ್ತು. ಆಗ ಯಾರೂ ನ್ಯೂರಾಲಜಿಸ್ಟ್ ಹತ್ತಿರ ಹೋಗಲಿಲ್ಲ. ಕೂಡುಕುಟುಂಬದಲ್ಲಿ ಎಲ್ಲ ನಡೆದುಹೋಗುತ್ತಿತ್ತು. ಬ್ರಾಹ್ಮಿ ಎಲೆ ತಂಬುಳಿ ಮಾಡಿ ಕೊಡಿ, ಇಂಗ್ಲಿಷ್ ಮಾತ್ರೆ ನಿಲ್ಲಿಸಿ. ತಾನೇ ಸರಿ ಹೋಗುತ್ತದೆ.

ನಿವೃತ್ತ ನರ್ಸ್, ಮೈಸೂರು

ಇದಕ್ಕೆ ಉತ್ತರ ಕೊಡದೆ ಇರಲು ಆಗುವುದಿಲ್ಲ. ತಂಬುಳಿ ಧಾರಾಳವಾಗಿ ಮಾಡಿ, ಹೊಟ್ಟೆಗೆ ತಂಪು. ಅದರಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ. ಮಾತ್ರೆಯಿಂದಲೂ ವಾಸಿಯಾಗುವುದಿಲ್ಲ. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್ ಇವೆಲ್ಲ ಕೆಲವರಿಗೆ ಸ್ವಲ್ಪ ಕಾಲ ಸ್ವಲ್ಪ ಅನುಕೂಲ ಮಾಡುತ್ತವೆ ಅಷ್ಟೇ. ಆದರೆ ಕೇಳದೆ ದಿಢೀರ್ ನಿಲ್ಲಿಸಿದರೆ ಇದ್ದದ್ದೂ ಕೆಡಬಹುದು.

ಮರೆವೆಲ್ಲ ಸಹಜ ಅಂದುಕೊಂಡು ಕೂತರೆ ಇನ್ನೊಂದು ನಷ್ಟ ಇದೆ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತ ಹೆಪ್ಪುಗಟ್ಟಿರುವುದು, ಇವೂ ಥೇಟ್ ಮರೆವಿನ ಕಾಯಿಲೆಯ ಹಾಗೆಯೇ ಕಾಣುತ್ತವೆ. ಇವಕ್ಕೆ ಚಿಕಿತ್ಸೆ ಇದೆ. ಪರೀಕ್ಷೆ ಮಾಡಿಸದೆ ಹೇಗೆ ಗೊತ್ತಾಗುತ್ತದೆ?

ಧಾರವಾಡದ ಮಗ

ಕೂಡುಕುಟುಂಬದ ಮಾತಿಗೆ ನಾನೂ ಒಂದು ಹೇಳುತ್ತೇನೆ. ಆಗ ಅಜ್ಜಿಯ ಸುತ್ತ ಹನ್ನೆರಡು ಜನ ಇದ್ದರು. ಒಬ್ಬರು ಬೇಸತ್ತರೆ ಇನ್ನೊಬ್ಬರು ಕೂರುತ್ತಿದ್ದರು. ಈಗ ಹನ್ನೆರಡು ಜನರ ಕೆಲಸ ಒಬ್ಬ ಸೊಸೆಯ ತಲೆ ಮೇಲೆ ಬಿದ್ದಿದೆ. 2023ರಲ್ಲಿ ಬಂದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ, ಅಂದರೆ ಈ ತರಹದ ಮರೆವಿನ ಕಾಯಿಲೆ, ಇದೆ. ಆ ಮನೆಗಳಲ್ಲೆಲ್ಲ ಯಾರಾದರೂ ಒಬ್ಬರು ನಿದ್ದೆಗೆಟ್ಟು ಕೂತಿರುತ್ತಾರೆ. "ಎಲ್ಲ ನಡೆದುಹೋಗುತ್ತಿತ್ತು" ಅಂತ ಅವರಿಗೆ ಹೇಳಬೇಡಿ.

ಕುಡ್ಲದ ಮಗಳು

ಹಾಸನದ ಅಕ್ಕ, ಸ್ನಾನಕ್ಕೆ ನನ್ನ ಹತ್ತಿರ ಉತ್ತರ ಇದೆ. ನಾಲ್ಕು ವರ್ಷ ಅಮ್ಮನ ಜೊತೆ ಇದೇ ಜಗಳ.

ಮೊದಲು ಯಾಕೆ ಹೆದರುತ್ತಾರೆ ನೋಡಿ. ನಮ್ಮ ಬಚ್ಚಲಿನಲ್ಲಿ ಶವರ್ ಇತ್ತು. ತಲೆ ಮೇಲಿಂದ ಇದ್ದಕ್ಕಿದ್ದಂತೆ ನೀರು ಬಿದ್ದರೆ ಅವರಿಗೆ ಏನಾಗುತ್ತಿದೆ ಅಂತಲೇ ತಿಳಿಯುವುದಿಲ್ಲ. ಅಮ್ಮ ಜೀವಮಾನವೆಲ್ಲ ಹಂಡೆಯಿಂದ ಚೆಂಬಿನಲ್ಲಿ ನೀರು ಹೊಯ್ದುಕೊಂಡವರು. ನಾನು ಶವರ್ ಬಿಟ್ಟು ಬಕೆಟ್, ಹಿತ್ತಾಳೆ ಚೆಂಬು ಇಟ್ಟೆ. ಬಾಗಿಲ ಬಳಿ ಕಪ್ಪು ಕಾಲೊರೆಸು ಇತ್ತು. ಅದು ಅವರ ಕಣ್ಣಿಗೆ ಗುಂಡಿಯ ಹಾಗೆ ಕಾಣುತ್ತಿತ್ತಂತೆ, ದಾಟುತ್ತಲೇ ಇರಲಿಲ್ಲ. ಅದನ್ನು ತೆಗೆದ ದಿನವೇ ಒಳಗೆ ಬಂದರು. ನನಗೆ ಅಳು ಬಂತು. ಒಂದು ಕಾಲೊರೆಸಿಗಾಗಿ ಎರಡು ತಿಂಗಳು ಅವರನ್ನು ಎಳೆದಾಡಿದ್ದೆ.

"ಸ್ನಾನ" ಅನ್ನುವ ಪದವನ್ನೇ ಬಿಡಿ. ಮೊದಲು ಕಾಲಿಗೆ ಸ್ವಲ್ಪ ಎಣ್ಣೆ ಹಚ್ಚಿ. ಹಚ್ಚುತ್ತಾ ಹಳೇ ಹಬ್ಬದ ಮಾತು ತೆಗೆಯಿರಿ. ಆಮೇಲೆ "ಎಣ್ಣೆ ಕೈ ತೊಳೆಯೋಣ" ಅಂತ ಬಚ್ಚಲಿಗೆ ಕರೆದುಕೊಂಡು ಹೋಗಿ. ನೀರು ಬಿಸಿ ಇರಲಿ, ಕೂರಲು ಗಟ್ಟಿಯಾದ ಸ್ಟೂಲ್ ಇರಲಿ. ಎಣ್ಣೆ ಹನಿ ನೆಲಕ್ಕೆ ಬಿದ್ದರೆ ತಕ್ಷಣ ಒರೆಸಿ, ಪಾದ ಒರೆಸಿಯೇ ನಡೆಸಿ. ಮೊದಲು ಪಾದದ ಮೇಲೆ ನೀರು, ಆಮೇಲೆ ಮೊಣಕಾಲು, ಹೀಗೆ ಮೇಲಕ್ಕೆ ಬನ್ನಿ. ಮೈಮೇಲೆ ಒಂದು ತೆಳು ಟವೆಲ್ ಹೊದಿಸಿಯೇ ಇರಿ. ಬಟ್ಟೆಯಿಲ್ಲದೆ ಸೊಸೆಯ ಮುಂದೆ ಕೂರುವುದು ಅವರಿಗೆ ನಾಚಿಕೆ, ನೆನಪು ಹೋದರೂ ನಾಚಿಕೆ ಹೋಗಿರುವುದಿಲ್ಲ. ದಿನಾ ಬೇಕಾಗಿಲ್ಲ. ವಾರಕ್ಕೆ ಎರಡು ಸಲ ಸಾಕು, ಉಳಿದ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿ.

ಇನ್ನೊಂದು ವಿಷಯ ಬರೆಯಲೇಬೇಕು. ಅಮ್ಮ ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಪಾಠ ಮಾಡಿದವರು. ಈಗ ಕನ್ನಡ ಹೋಗುತ್ತಿದೆ, ತುಳು ಮಾತ್ರ ಉಳಿದಿದೆ. ಆಮೇಲೆ ಕಲಿತ ಭಾಷೆ ಮೊದಲು ಜಾರುವುದು ಉಂಟಂತೆ. ಮನೆಗೆ ಬರುವ ಹೋಮ್ ನರ್ಸ್ ಹುಡುಗಿ ಗದಗ ಕಡೆಯವಳು, ಅವಳಿಗೆ ತುಳು ಬಾರದು. ಇಬ್ಬರಿಗೂ ದಿನಾ ಸಿಟ್ಟು. ಕೊನೆಗೆ ಒಂದು ರಟ್ಟಿನ ಮೇಲೆ ಬರೆದು ಅಡುಗೆಮನೆಯಲ್ಲಿ ಅಂಟಿಸಿದೆ. "ನೀರ್ ಬೋಡಾ" ಅಂದರೆ ನೀರು ಬೇಕಾ. "ವಣಸ್ ಆಂಡಾ" ಅಂದರೆ ಊಟ ಆಯ್ತಾ. "ಬೇನೆ ಉಂಡಾ" ಅಂದರೆ ನೋವಿದೆಯಾ. ಹತ್ತು ವಾಕ್ಯ ಅಷ್ಟೇ. ಆ ಹುಡುಗಿ ವಾರದಲ್ಲಿ ಕಲಿತಳು. ಮೊದಲ ಸಲ ಅವಳ ಬಾಯಲ್ಲಿ ತುಳು ಕೇಳಿದಾಗ ಅಮ್ಮ ಅವಳ ಗಲ್ಲ ಹಿಡಿದು ನಕ್ಕರು. ಕೊಂಕಣಿ, ಕೊಡವ, ತೆಲುಗು, ಉರ್ದು ಮನೆಮಾತಿನವರು ಇದನ್ನು ಮಾಡಿ ನೋಡಿ.

ನ್ಯೂಜೆರ್ಸಿಯಿಂದ

ನಾನು ಆ ನಾದಿನಿಯ ಜಾಗದಲ್ಲಿ ಇದ್ದವನು. ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮ ಶಿವಮೊಗ್ಗದಲ್ಲಿ ಅಕ್ಕನ ಜೊತೆ. ನಾನು ಭಾನುವಾರ ವಿಡಿಯೋ ಕಾಲ್ ಮಾಡಿದರೆ ಅಮ್ಮ ಚೆನ್ನಾಗಿಯೇ ಮಾತಾಡುತ್ತಿದ್ದರು. "ಊಟ ಆಯ್ತಾ ಪುಟ್ಟ, ಚಳಿ ಇದೆಯಾ" ಅಂತ. ಹತ್ತು ನಿಮಿಷ ಹೇಗೋ ನಿಭಾಯಿಸುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಅಕ್ಕ ಕಷ್ಟ ಹೇಳಿಕೊಂಡರೆ, ಇಷ್ಟು ದೊಡ್ಡದು ಮಾಡುತ್ತಾಳಲ್ಲ ಅಂದುಕೊಳ್ಳುತ್ತಿದ್ದೆ. ಒಂದು ಸಲ ಬಾಯಿಬಿಟ್ಟು ಅಂದೂಬಿಟ್ಟೆ. ಅವಳು ಏನೂ ಹೇಳದೆ ಫೋನ್ ಇಟ್ಟಳು.

ಹೋದ ವರ್ಷ ರಜೆ ಹಾಕಿ ಬಂದು, ಅಕ್ಕನನ್ನು ಅವಳ ಮಗಳ ಮನೆಗೆ ಕಳಿಸಿ, ಮೂರು ವಾರ ನಾನೊಬ್ಬನೇ ಅಮ್ಮನ ಜೊತೆ ಇದ್ದೆ. ಸಂಜೆ ಐದಾದರೆ ಅಮ್ಮ ಸೀರೆ ಗಂಟು ಕಟ್ಟಿಕೊಂಡು ಬಾಗಿಲಿಗೆ ಬರುತ್ತಿದ್ದರು. "ನಮ್ಮನೆಗೆ ಬಿಟ್ಟು ಬಾ, ಅಪ್ಪ ಬೈತಾರೆ." ಅವರ ಅಪ್ಪ ತೀರಿಕೊಂಡು ನಲವತ್ತು ವರ್ಷ ಆಗಿದೆ. ಮೊದಲ ದಿನ ನಾನು ಅದನ್ನು ಹೇಳಿಬಿಟ್ಟೆ. ಅವತ್ತೇ ಸುದ್ದಿ ಬಂದ ಹಾಗೆ ಅತ್ತರು. ಅಂಥ ತಪ್ಪು ಮತ್ತೆ ಮಾಡಲಿಲ್ಲ. ಮರುದಿನದಿಂದ "ಬಸ್ಸು ಆರಕ್ಕಂತೆ, ಅಷ್ಟರಲ್ಲಿ ಕಾಫಿ ಕುಡಿಯೋಣ" ಅನ್ನುತ್ತಿದ್ದೆ. ಕತ್ತಲಾಗುವ ಮೊದಲೇ ಎಲ್ಲ ಲೈಟ್ ಹಾಕುತ್ತಿದ್ದೆ. ಬಟಾಣಿ ಸುಲಿಯಲು ಕೊಡುತ್ತಿದ್ದೆ. ಬಸ್ಸು ಮರೆತು ಹೋಗುತ್ತಿತ್ತು. ಎಲ್ಲ ದಿನವೂ ಅಲ್ಲ, ಬಹಳ ದಿನ.

ವಾಪಸ್ ಹೊರಡುವ ದಿನ ಅಕ್ಕನ ಕಾಲು ಮುಟ್ಟಿದೆ. ಈಗ ರಾತ್ರಿ ಪಾಳಿಯ ಆಯಾಗೆ ಸಂಬಳ ನಾನು ಕೊಡುತ್ತೇನೆ. ವರ್ಷಕ್ಕೆ ಒಂದು ತಿಂಗಳು ನಾನು ಬಂದು ಇರುತ್ತೇನೆ, ಅಕ್ಕನಿಗೆ ಆ ತಿಂಗಳು ಬಿಡುವು. ಬೇಸಿಗೆಯಲ್ಲಿ ನನಗೆ ಬೆಳಿಗ್ಗೆ ಎಂಟಾದಾಗ ಅಲ್ಲಿ ಸಂಜೆ ಐದೂವರೆ. ಆಫೀಸಿಗೆ ಹೊರಡುವ ಮೊದಲು ದಿನಾ ಕಾಲ್ ಮಾಡಿ ಅಮ್ಮನ ಆ ಅರ್ಧ ಗಂಟೆ ನಾನು ನೋಡಿಕೊಳ್ಳುತ್ತೇನೆ. ಅಕ್ಕ ಆಗ ಕೆಳಗೆ ಹೋಗಿ ನಡೆದು ಬರುತ್ತಾಳೆ.

ಹಾಸನದ ಸಹೋದರಿ, ನಿಮ್ಮ ನಾದಿನಿಯನ್ನು ಹತ್ತು ದಿನ ಬಂದಿರಲು ಹೇಳಿ. ಎರಡು ದಿನ ಸಾಲದು. ನೀವು ಮನೆಯಲ್ಲಿ ಇರಬೇಡಿ.

ಬ್ಯಾಂಕಿನಲ್ಲಿ ಇದ್ದವರು, ತುಮಕೂರು

ಹಣಕಾಸಿನ ಮಾತು ಯಾರೂ ಎತ್ತಲಿಲ್ಲ, ನಾನು ಹೇಳುತ್ತೇನೆ. ಇದು ಬೇಗ ಮಾಡಬೇಕಾದ ಕೆಲಸ.

ಕೌಂಟರಿನ ಆಚೆ ಕೂತು ನಾನು ತುಂಬಾ ಸಲ ನೋಡಿದ್ದೇನೆ. ಸಹಿ ಹೊಂದುವುದಿಲ್ಲ, ಅಮ್ಮನಿಗೆ ತನ್ನ ಹೆಸರೇ ಬರೆಯಲು ಬರುತ್ತಿಲ್ಲ, ಎಫ್‌ಡಿ ಅವರೊಬ್ಬರ ಹೆಸರಲ್ಲೇ ಇದೆ, ಆಸ್ಪತ್ರೆಗೆ ದುಡ್ಡು ಬೇಕು. ಪವರ್ ಆಫ್ ಅಟಾರ್ನಿ ಇದ್ದರೆ ಸಾಕು ಅಂತ ಎಷ್ಟೋ ಜನ ನಂಬಿದ್ದಾರೆ. ಬರೆದುಕೊಟ್ಟವರಿಗೆ ತಿಳಿವಳಿಕೆ ಹೋದ ಮೇಲೆ ನಮ್ಮ ಕಾನೂನಿನಲ್ಲಿ ಅದು ನಿಲ್ಲುವುದಿಲ್ಲ. ಆಮೇಲೆ ಕೋರ್ಟಿಗೆ ಹೋಗಿ ಪೋಷಕರಾಗಿ ನೇಮಿಸಿ ಅಂತ ಕೇಳಬೇಕಾಗುತ್ತದೆ. ಸಮಯ, ದುಡ್ಡು ಎರಡೂ ಹೋಗುತ್ತದೆ. ಹಾಗಾಗಿ ಕಾಯಿಲೆ ಶುರುವಿನಲ್ಲಿ, ಅವರಿಗೆ ಅರ್ಥವಾಗುತ್ತಿರುವಾಗಲೇ, ಅವರನ್ನು ಕೇಳಿ, ಖಾತೆಗಳಿಗೆ ಇನ್ನೊಬ್ಬರ ಹೆಸರು ಸೇರಿಸಿ, ನಾಮಿನಿ ಸರಿ ಮಾಡಿಸಿ. ವಿಲ್ ಬರೆಯುವುದಿದ್ದರೆ ಆಗಲೇ, ಡಾಕ್ಟರ್ ಪತ್ರದ ಜೊತೆ.

ಪೆನ್ಷನ್ ಬರುತ್ತಿದ್ದರೆ ನವೆಂಬರಿನ ಜೀವನ ಪ್ರಮಾಣಪತ್ರ ಮರೆಯಬೇಡಿ. ಬೆರಳಚ್ಚು ಹಿಡಿಯದಿದ್ದರೆ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಆದಾಯ ತೆರಿಗೆ ಕಾನೂನಿನ 80ಡಿಡಿಬಿ ಕೆಳಗೆ ಡಿಮೆನ್ಷಿಯಾ ಚಿಕಿತ್ಸೆಯ ಖರ್ಚಿಗೂ ವಿನಾಯಿತಿ ಇತ್ತು. ತೊಂದರೆಯ ಮಟ್ಟ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂತ ತಜ್ಞರ ಪತ್ರ ಬೇಕಿತ್ತು. ಹಿರಿಯರಿಗೆ 1 ಲಕ್ಷದವರೆಗೆ ಸಿಗುತ್ತಿತ್ತು. ನಿಮ್ಮ ಆಡಿಟರನ್ನು ಕೇಳಿ.

ಹೆಸರು ಬೇಡ

ಇದನ್ನು ಎಲ್ಲಿ ಹೇಳಬೇಕೋ ತಿಳಿಯಲಿಲ್ಲ. ಮೊನ್ನೆ ಅಪ್ಪನ ಮೇಲೆ ಕೈ ಎತ್ತಿಬಿಟ್ಟೆ. ರಾತ್ರಿ ಮೂರನೇ ಸಲ ಹಾಸಿಗೆ ಒದ್ದೆ ಮಾಡಿದ್ದರು. ತೋಳಿಗೆ ಒಂದು ಏಟು. ಅವರು ಮಗುವಿನ ಹಾಗೆ ನನ್ನನ್ನೇ ನೋಡಿದರು. ಬೆಳಿಗ್ಗೆ ಅವರಿಗೆ ನೆನಪಿರಲಿಲ್ಲ. ನನಗೆ ಅದು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಿವೃತ್ತ ನರ್ಸ್, ಮೈಸೂರು

ಹೇಳಿದ್ದು ಒಳ್ಳೆಯದಾಯಿತು. ತಪ್ಪು ತಪ್ಪೇ, ಅದು ನಿಮಗೂ ಗೊತ್ತಿದೆ. ಆದರೆ ಎಷ್ಟು ರಾತ್ರಿಯಿಂದ ನೀವು ಮಲಗಿಲ್ಲ? ಅದು ಮೊದಲು ಸರಿಯಾಗಬೇಕು. ಸಿಟ್ಟು ತಲೆಗೇರಿದಾಗ ಅಪ್ಪ ಬೀಳದ ಹಾಗೆ ಮಲಗಿಸಿ, ಬಾಗಿಲಾಚೆ ಹೋಗಿ ಐದು ನಿಮಿಷ ನಿಲ್ಲಿ. ಒದ್ದೆ ಹಾಸಿಗೆ ಐದು ನಿಮಿಷ ಕಾಯುತ್ತದೆ. ರಾತ್ರಿಗೆ ದೊಡ್ಡವರ ಡೈಪರ್ ಹಾಕಿ, ಅದರಲ್ಲಿ ಮರ್ಯಾದೆ ಕಡಿಮೆ ಏನಿಲ್ಲ.

14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆ ಇರುವವರಿಗೆ ಮಾತ್ರ ಅಲ್ಲ, ನೋಡಿಕೊಳ್ಳುವವರೂ ಮಾತಾಡಬಹುದು. ಹಿರಿಯರ ಬೇರೆ ಸಹಾಯಕ್ಕೆ 14567 ಇದೆ. 2022ರಲ್ಲಿ ನಮ್ಮ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಮಿದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಮೊದಲು ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಜಯನಗರದಲ್ಲಿ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲೂ ಆ ಕ್ಲಿನಿಕ್ ಇದೆಯಾ ವಿಚಾರಿಸಿ. ಎಲ್ಲದಕ್ಕೂ ಬೆಂಗಳೂರಿಗೆ ಓಡಬೇಕಾಗಿಲ್ಲ.

ನಾಳೆ ರಾತ್ರಿ ಮಲಗಿದಿರಾ ಇಲ್ಲವಾ, ಇಲ್ಲಿ ಬಂದು ಬರೆಯಿರಿ. ನಾನು ನೋಡುತ್ತಿರುತ್ತೇನೆ.

ಹೆಸರು ಬೇಡ

ಆಗಲಿ ಅಮ್ಮ. ತಮ್ಮನಿಗೆ ಫೋನ್ ಮಾಡಿದೆ. ಶನಿವಾರ ಬರುತ್ತಾನಂತೆ.

ಹಾಸನದ ಸೊಸೆ

ಮೂರು ವಾರ ಆಯಿತು, ಬರೆಯಲು ಆಗಿರಲಿಲ್ಲ.

ಮೂತ್ರದ ಸೋಂಕು ಇತ್ತು. ಏಳು ದಿನ ಔಷಧ ಕೊಟ್ಟೆವು. ಅತ್ತೆ ಅರ್ಧದಷ್ಟು ಶಾಂತವಾದರು. ಆರೋಪ ಪೂರ್ತಿ ನಿಂತಿಲ್ಲ, ದಿನಕ್ಕೆ ಹತ್ತು ಸಲ ಇದ್ದದ್ದು ಒಂದೆರಡು ಸಲ. ನೀರು ಕುಡಿಯದವರು ಮಜ್ಜಿಗೆ, ಎಳನೀರು ಕುಡಿಯುತ್ತಿದ್ದಾರೆ. ಬಳೆ ಲಾಕರಿಗೆ ಹೋಯಿತು. ಕೈಯಲ್ಲಿ ಈಗ ಒಂದು ಗ್ರಾಂ ಬಳೆ, ವ್ಯತ್ಯಾಸ ತಿಳಿದಿಲ್ಲ. ಬಚ್ಚಲಲ್ಲಿ ಚೆಂಬು ಇಟ್ಟೆ ಕುಡ್ಲದ ತಂಗಿ, ನಾಲ್ಕು ಸಲ ಸ್ನಾನ ಆಯಿತು.

ನಾದಿನಿ ಬಂದಳು. ನಾನು ಕಡೂರಿಗೆ, ತವರಿಗೆ ಹೋದೆ. ಎರಡು ವರ್ಷದಲ್ಲಿ ಮೊದಲ ಸಲ ಅಲ್ಲಿ ಐದು ರಾತ್ರಿ ಮಲಗಿದೆ. ನಾಲ್ಕನೇ ದಿನ ಅವಳ ಫೋನ್ ಬಂತು. ಅಮ್ಮ ಅವಳ ವ್ಯಾನಿಟಿ ಬ್ಯಾಗನ್ನು ನೆಲಕ್ಕೆ ಸುರಿದು "ನನ್ನ ಬಳೆ ಕೊಡು ಕಳ್ಳಿ" ಅಂದರಂತೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೇ. ತುಂಬಾ ಹೊತ್ತು ಅತ್ತಳು. ಆಮೇಲೆ "ಅತ್ತಿಗೆ, ಅವತ್ತು ನಾನು ಹಾಗೆ ಕೇಳಬಾರದಿತ್ತು" ಅಂದಳು. ನನಗೂ ಅಳು ಬಂತು. ಇನ್ನು ಎರಡು ತಿಂಗಳಿಗೊಮ್ಮೆ ಒಂದು ವಾರ ಬಂದಿರುತ್ತೇನೆ ಅಂದಿದ್ದಾಳೆ.

ಈಗ ಹೊಸದು ಶುರುವಾಗಿದೆ. ರಾತ್ರಿ ಎರಡು ಗಂಟೆಗೆ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಮೊನ್ನೆ ಗ್ಯಾಸ್ ತಿರುಗಿಸಿ ಹಚ್ಚದೆ ನಿಂತಿದ್ದರು. ನೀವೆಲ್ಲ ಏನು ಮಾಡಿದ್ದೀರಿ?

ಧಾರವಾಡದ ಮಗ

ರಾತ್ರಿ ಮಲಗುವ ಮೊದಲು ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿ, ಲೈಟರ್, ಬೆಂಕಿಪೊಟ್ಟಣ ನಿಮ್ಮ ಕೋಣೆಯಲ್ಲಿ ಇಟ್ಟುಕೊಳ್ಳಿ. ಅಡುಗೆಮನೆ ಬಾಗಿಲಿಗೆ ಒಂದು ಗೆಜ್ಜೆ ಸರ ಕಟ್ಟಿ, ತೆಗೆದರೆ ನಿಮಗೆ ಕೇಳಿಸುತ್ತದೆ. ನಡುಮನೆಯಲ್ಲಿ ಕಣ್ಣಿಗೆ ಬೀಳುವ ಹಾಗೆ ಒಂದು ತಟ್ಟೆಯಲ್ಲಿ ಬಾಳೆಹಣ್ಣು, ಬಿಸ್ಕತ್ತು, ಫ್ಲಾಸ್ಕಿನಲ್ಲಿ ಉಗುರುಬೆಚ್ಚಗಿನ ಹಾಲು ಇಡಿ. ನಮ್ಮಪ್ಪ ಎದ್ದು ಅಲೆದಾಡುತ್ತಿದ್ದಾಗ ನಾವು ಏನೇನೋ ಯೋಚನೆ ಮಾಡಿದ್ದೆವು. ರಾತ್ರಿ ಏಳಕ್ಕೆ ಊಟ ಕೊಟ್ಟು ಮಲಗಿಸುತ್ತಿದ್ದೆವು. ಅವರಿಗೆ ಹಸಿವಾಗುತ್ತಿತ್ತು ಅಷ್ಟೇ.